ಸ್ವಲ್ಪವೂ ಇಲ್ಲ

ಫೆಬ್ರವರಿ 12, ಸೋಮವಾರ. ಅಂಗಡಿ, ಮಧ್ಯಾಹ್ನ

ಕರೆಂಟ್ ಇಲ್ಲ. ಗೃಹಪ್ರವೇಶದ ಪತ್ರಿಕೆಯೊಂದು ಅರ್ಧಕ್ಕೆ ನಿಂತಿದೆ. ಯುಪಿಎಸ್ ಕೂಗಿ ಕೂಗಿ ಸುಮ್ಮನಾಯಿತು. ಗೋಡೆಗೆ ಎಡಗೈ ಬೆರಳು ಹತ್ತಿಸುವ ವ್ಯಾಯಾಮ ಮಾಡಿದೆ. ಕ್ಯಾಲೆಂಡರಿನ ಮೊಳೆಯವರೆಗೆ ಹೋಯಿತು, ಅದರ ಮೇಲೆ ಇಲ್ಲ. ಕಂಕುಳಲ್ಲಿ ಹೊಲಿಗೆ ಹಾಕಿದ ಜಾಗ ಇನ್ನೂ ಎಳೆಯುತ್ತದೆ.

ಶನಿವಾರ ಮೈಸೂರಿನ ಆಸ್ಪತ್ರೆಗೆ ಚೆಕಪ್‌ಗೆ ಹೋಗಿದ್ದೆ. ಇವರಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್. ಮಗಳು ಕವನ ಕಾಲೇಜಿಗೆ ಚಕ್ಕರ್ ಹಾಕಿ ಜೊತೆಗೆ ಬಂದಳು. ಡಾಕ್ಟರ್ ನೋಡುವುದಕ್ಕೆ ಮೊದಲು ಒಂದು ಫಾರಂ ಕೊಟ್ಟರು. ಸ್ತನ ತೆಗೆಸಿಕೊಂಡವರಿಗೆಲ್ಲ ಕೊಡುತ್ತಾರಂತೆ. ಹೆಸರು, ಊರು ಬರೆದ ಕೆಳಗೇ ಮೊದಲನೆಯ ಪ್ರಶ್ನೆ— "ಕಳೆದ ನಾಲ್ಕು ವಾರಗಳ ಅವಧಿಯಲ್ಲಿ ತಮ್ಮ ಲೈಂಗಿಕ ಜೀವನವು ಎಷ್ಟರ ಮಟ್ಟಿಗೆ ತೃಪ್ತಿದಾಯಕವಾಗಿತ್ತು?" ಮಗಳು ನನ್ನ ಭುಜದ ಮೇಲಿಂದ ಓದುತ್ತಿದ್ದಾಳೆ. ತಟ್ಟನೆ ಮೊಬೈಲ್ ತೆಗೆದು ಏನೋ ನೋಡುವವಳ ಹಾಗೆ ಮಾಡಿದಳು. ನಾನು ಹಾಳೆ ಮಗುಚಿ ಇಟ್ಟುಕೊಂಡು ಕೂತೆ.

ಪಕ್ಕದಲ್ಲಿ ದೇವನೂರಿನವರೊಬ್ಬರು, ಚಲುವಮ್ಮ ಅಂತ. ಅರವತ್ತು ದಾಟಿರಬೇಕು. ನನ್ನ ಹಾಗೇ ಎಡಭಾಗ. ಕೈ ಬಾಳೆದಿಂಡಿನಂತೆ ಊದಿತ್ತು. ಓದಲು ಬರುವುದಿಲ್ಲ. ನರ್ಸ್ ಕಾರಿಡಾರಿನಲ್ಲೇ ನಿಂತು ಜೋರಾಗಿ ಓದಿದಳು— "ದೈಹಿಕವಾಗಿ ಅನಾಕರ್ಷಕರೆಂಬ ಭಾವನೆ ಉಂಟಾಗಿದೆಯೇ?"

"ಅದ್ಯಾವ ಕಾಯ್ಲೆ ಕಣವ್ವ? ಇನ್ಮುಂದೆ ಅದೂ ಬತ್ತದಾ?"

ಸುತ್ತ ಇದ್ದವರು ನಕ್ಕರು. ಅಲ್ಲಿಂದ ಮುಂದೆ ಚಲುವಮ್ಮ ಎಲ್ಲದಕ್ಕೂ "ಇಲ್ಲ ಕಣವ್ವ, ಇಲ್ಲ" ಎಂದರು. ಕೈ ನೋವಿದೆಯೇ ಎಂದಾಗಲೂ ಇಲ್ಲ. ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ನನಗೆ ಸಿಟ್ಟು ಬಂತು. ಉತ್ತರ ತುಂಬುವ ಬದಲು ಮಾರ್ಜಿನ್ನಿನಲ್ಲಿ ಬರೆದೆ— ಇದನ್ನು ಬರೆದವರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ತುಂಬಿ ತೋರಿಸಲಿ. ಕೆಳಗೆ ನನ್ನ ಹೆಸರು, ಫೋನ್ ನಂಬರ್.

ಕರೆಂಟ್ ಬಂತು.

ಫೆಬ್ರವರಿ 23, ಶುಕ್ರವಾರ

ಅಂಗಡಿಗೆ ಒಬ್ಬ ಹುಡುಗಿ ಬಂದಳು. ಹುಡುಗಿ ಎನ್ನುವಂತಿಲ್ಲ, ಮೂವತ್ತರ ಹತ್ತಿರ. ಕಾಟನ್ ಸೀರೆ, ಬೆನ್ನಿಗೆ ಬ್ಯಾಗು.

"ಫಾರಂ ಮೇಲೆ ಬೈದು ಬರ್ದಿದ್ರಲ್ಲ, ನೀವೇನಾ ಅಕ್ಕ?"

ಕೇಸ್ ಹಾಕುತ್ತಾರೇನೋ ಅಂದುಕೊಂಡೆ. ಹೆಸರು ತೇಜಸ್ವಿನಿ, ತಿರುಮಕೂಡಲಿನವಳು. ಆಸ್ಪತ್ರೆಯ ರಿಸರ್ಚ್ ವಿಭಾಗದಲ್ಲಿ ಕೆಲಸ. ಆ ಫಾರಂ ಇಂಗ್ಲಿಷಿನಿಂದ ಯಾರೋ ಏಜೆನ್ಸಿಯವರು ಮಾಡಿಕೊಟ್ಟ ಅನುವಾದವಂತೆ. ಅದನ್ನು ಪೂರ್ತಿ ಬದಲಾಯಿಸಬೇಕು, ಪೇಷೆಂಟುಗಳ ಜೊತೆಗೇ ಕೂತು ಬರೆಯಬೇಕು ಎಂದು ಅವಳ ಆಸೆ. "ನೀವು ಪತ್ರಿಕೆ, ಪಾಂಪ್ಲೆಟ್ ಮಾಡೋರು. ಯಾವ ಅಕ್ಷರ ಎಲ್ಲಿ ಕೂತ್ರೆ ಜನ ಓದ್ತಾರೆ ಅಂತ ನಿಮಗೆ ಗೊತ್ತಿರುತ್ತೆ."

ಒಳ್ಳೆಯ ಮಾತು. ಯಾರೂ ಹೀಗೆ ಹೇಳಿರಲಿಲ್ಲ. ಒಪ್ಪಿದೆ. ಒಂದು ಹಾಳೆಗೆ ಸೈನ್ ಹಾಕಬೇಕಿತ್ತು. ಆಧಾರ್ ಜೆರಾಕ್ಸಿಗೆ ನಾಲ್ಕೈದು ಜನ ಕಾಯುತ್ತಿದ್ದರು. ಮೆಷಿನ್ನಿನ ಮುಚ್ಚಳದ ಮೇಲೇ ಇಟ್ಟು ಹಾಕಿಕೊಟ್ಟೆ.

"ಹಿಂದುಗಡೆ ರೂಲ್ಸ್ ಇದೆ ಅಕ್ಕ, ಎಲ್ಲಾ ಮಾಮೂಲಿ."

ಮಾರ್ಚ್ 10, ಭಾನುವಾರ

ನಮ್ಮ ಮನೆಯಲ್ಲೇ ಕೂತಿದ್ದು. ನಾನು, ತೇಜಸ್ವಿನಿ, ಚಲುವಮ್ಮ, ಇನ್ನೂ ಮೂವರು. ಇವರು ಗಂಡಸರಿರಬಾರದು ಎಂದು ತಾವೇ ಬೈಕ್ ಹತ್ತಿ ಹೊರಟರು.

ಎಷ್ಟೊಂದು ತಿಳಿಯಿತು. ಹಳೆಯ ಫಾರಮ್ಮಿನಲ್ಲಿ ಉತ್ತರಕ್ಕೆ ಒಂದು, ಎರಡು, ಮೂರು, ನಾಲ್ಕು ಎಂದಿತ್ತಲ್ಲ— ನೋವು ಹೆಚ್ಚಿದ್ದರೆ ನಾಲ್ಕು. ಒಬ್ಬಾಕೆ ಎಲ್ಲದಕ್ಕೂ ನಾಲ್ಕು ಸುತ್ತಿದ್ದಳಂತೆ. "ಜಾಸ್ತಿ ಮಾರ್ಕ್ಸ್ ಬಂದ್ರೆ ಒಳ್ಳೇದು ಅಂದ್ಕೊಂಡೆ." ಇನ್ನೊಬ್ಬಳಿಗೆ ಪ್ರತಿ ಪ್ರಶ್ನೆಯ ಕೊನೆಯ 'ಏ' ಪೊಲೀಸರು ಕೇಳಿದ ಹಾಗೆ ಅನ್ನಿಸುತ್ತಿತ್ತು. ಸುಸ್ತಾದವರು ಓದದೆ ಎಡಗಡೆಯ ಕಾಲಮ್ಮಿನಲ್ಲೇ ಮೇಲಿಂದ ಕೆಳಗೆ ಗೀಚುತ್ತಾರೆ. ಅದು ನನಗೂ ಗೊತ್ತು, ನಾನೂ ಒಮ್ಮೆ ಮಾಡಿದ್ದೇನೆ.

ಅಂಕಿ ತೆಗೆದೆವು. ಬರೀ ಮಾತು— ಸ್ವಲ್ಪವೂ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ. ಮೊದಲು ಕೈಯ ವಿಚಾರ, ನಿದ್ದೆಯ ವಿಚಾರ. ಮನೆಯ ವಿಚಾರ ಒಳಪುಟಕ್ಕೆ, ಪಕ್ಕದವರ ಕಣ್ಣಿಗೆ ಬೀಳದ ಹಾಗೆ. ಅಕ್ಷರ ದಪ್ಪ. ಸಾಲುಗಳ ನಡುವೆ ಉಸಿರಾಡುವಷ್ಟು ಜಾಗ.

ತೇಜಸ್ವಿನಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಎರಡೆರಡು ಸಲ ಹಾಕಿಸಿಕೊಂಡಳು. ಹೊರಡುವಾಗ ಚಲುವಮ್ಮನ ಊದಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಪರೇಷನ್ ಆದ ಮೇಲೆ ಇಷ್ಟು ನಗು ಈ ಮನೆಯಲ್ಲಿ ಕೇಳಿರಲಿಲ್ಲ.

ಏಪ್ರಿಲ್ 21, ಭಾನುವಾರ

ತಿ. ನರಸೀಪುರಕ್ಕೆ ಹೋಗಿದ್ದೆ. ತೇಜಸ್ವಿನಿಯ ಮನೆ. ಅವಳ ತಾಯಿ ಸಿದ್ದಲಿಂಗಮ್ಮನವರು ಬಸ್ಸಾರು ಮಾಡಿದ್ದರು. ಊಟವಾದ ಮೇಲೆ ಇಬ್ಬರೂ ಹೊಳೆಯ ಕಡೆ ನಡೆದೆವು. ನೀರು ಕಮ್ಮಿ. ಬಂಡೆಯ ನೆರಳಿನಲ್ಲಿ ಕೂತೆವು.

ಮನೆಯ ವಿಚಾರದ ಪ್ರಶ್ನೆ ಇನ್ನೂ ಕೂತಿಲ್ಲ. 'ಲೈಂಗಿಕ' ಎಂದರೆ ಎಲ್ಲರೂ ಬಾಯಿ ಮುಚ್ಚುತ್ತಾರೆ. 'ದಾಂಪತ್ಯ' ಎಂದರೆ ವಿಧವೆಯರು ಪುಟ ಬಿಟ್ಟು ಮುಂದೆ ಹೋಗುತ್ತಾರೆ. ತೇಜಸ್ವಿನಿ ಕೇಳಿದಳು, "ನಿಮಗೇ ಕೇಳ್ಬೇಕಾದ್ರೆ ಹೆಂಗೆ ಕೇಳಿದ್ರೆ ಹೇಳ್ತೀರಿ ಅಕ್ಕ?"

ಯಾಕೋ, ಹೇಳಿಬಿಟ್ಟೆ. ಯಾರಿಗೂ ಹೇಳದಿದ್ದದ್ದು. ನಮ್ಮ ರೂಮಿನ ಸ್ವಿಚ್ಚು ಹೊರಗೆ ಹಾಲಿನಲ್ಲಿದೆ. "ನಮ್ಮನೆಯವರು ರೂಮಿಗೆ ಬರೋ ಮುಂಚೆ ಲೈಟ್ ಆರಿಸಿ ಬರ್ತಾರೆ. ನಾನು ಪುಸ್ತಕ ಓದ್ತಾ ಇದ್ರೂ ಆರಿಸೇ ಬರ್ತಾರೆ." ಅಷ್ಟೇ ಹೇಳಿದ್ದು. ಹೇಳಿ ಅಳು ಬಂತು. ಅವಳ ಕಣ್ಣಲ್ಲೂ ನೀರು.

"ಇದು ಫಾರಮ್ಮಿಗಲ್ಲ ಅಕ್ಕ. ನಮ್ಮಿಬ್ಬರಿಗೆ."

ಅವಳೇ ಹಾಗೆಂದಳು. ನಾನು ಕೇಳಿಕೊಂಡಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಎದೆ ಹಗುರ. ತಂಗಿ ಇಲ್ಲದವಳಿಗೆ ಈ ವಯಸ್ಸಿನಲ್ಲಿ ತಂಗಿ ಸಿಕ್ಕಳು ಅಂದುಕೊಂಡೆ.

ಮೇ 25, ಶನಿವಾರ

ಬಹಳ ದಿನವಾಯಿತು ಬರೆದು. ಮದುವೆ ಸೀಸನ್, ಮೆಷಿನ್ನಿಗೆ ಬಿಡುವಿಲ್ಲ.

ಹೊಸ ಫಾರಂ ಬಂದಿದೆ. ಲೇಔಟ್ ನನ್ನದೇ. ಒಳಪುಟದಲ್ಲಿ ಕೊನೆಗೆ ಕೂತ ಪ್ರಶ್ನೆ— "ಮನೆಯಲ್ಲಿ ಹತ್ತಿರದವರು ನಿಮ್ಮಿಂದ ಸ್ವಲ್ಪ ದೂರ ಇದ್ದಾರೆ ಅನ್ನಿಸಿದೆಯಾ?" ನಾನು, ತೇಜಸ್ವಿನಿ ಎಷ್ಟು ಸಲ ತಿದ್ದಿದ್ದೇವೋ.

ಇವತ್ತು ಚೆಕಪ್‌ನಲ್ಲಿ ಚಲುವಮ್ಮನಿಗೆ ನಾನೇ ಓದಿದೆ, ಮೂಲೆಯ ಕುರ್ಚಿಯಲ್ಲಿ, ಮೆಲ್ಲಗೆ. ಆ ಪ್ರಶ್ನೆ ಬಂದಾಗ ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ಆಮೇಲೆ, "ಸೊಸೆ ತಟ್ಟೆ ಲೋಟ ಬ್ಯಾರೆ ಮಡಗವ್ಳೆ ಕಣವ್ವ. ಮೊಮ್ಮಗೀನ ಎತ್ಕೊಳಕೆ ಬುಡದಿಲ್ಲ. ಅಂಟ್ಕತದಂತೆ" ಎಂದರು. ಕೈಯ ಪ್ರಶ್ನೆಗೂ ಹಿಂದಿರುಗಿ ಹೋದರು. "ಅದ್ಕೂ ತುಂಬಾ ಅಂತ್ಲೇ ಬರ್ಕೋ. ಒನಕೆ ಕಟ್ಕಂಡಂಗೆ ಅದೆ."

ಆ ಒಂದು 'ತುಂಬಾ'ದಿಂದ ಚಲುವಮ್ಮನ ಹೆಸರು ಫಿಸಿಯೋ ಪಟ್ಟಿಗೆ ಹೋಯಿತು. ತಿಂಗಳಿಗೊಮ್ಮೆ ನಂಜನಗೂಡಿಗೇ ಬಂದು ಕೈಗೆ ಪಟ್ಟಿ ಸುತ್ತಿಕೊಡುತ್ತಾರೆ. ಸೊಸೆಯನ್ನು ಕರೆಸಿ ಇದು ಅಂಟುರೋಗವಲ್ಲ ಎಂದು ಕೌನ್ಸೆಲರ್ ತಿಳಿಸಿ ಹೇಳುತ್ತಾರಂತೆ. ಬರೀ ಮಾತು ಬದಲಿಸಿದ್ದಕ್ಕೆ. ನಂಬಲು ಆಗಲಿಲ್ಲ.

ಜೂನ್ 19, ಬುಧವಾರ

ಇವತ್ತೇ ಬರೆಯಬೇಕು, ಇಲ್ಲದಿದ್ದರೆ ನಾನೇ ಏನೋ ತಪ್ಪು ಕೇಳಿಸಿಕೊಂಡೆ ಎಂದುಕೊಳ್ಳುತ್ತೇನೆ.

ತಿ. ನರಸೀಪುರದಲ್ಲಿ ಆರೋಗ್ಯ ಕಾರ್ಯಕರ್ತೆಯರಿಗೆ ಟ್ರೈನಿಂಗ್. ಹೊಸ ಫಾರಮ್ಮನ್ನು ಹಳ್ಳಿಗಳಲ್ಲಿ ತುಂಬಿಸುವುದು ಹೇಗೆ ಎಂದು. ಪ್ರಿಂಟ್ ಮಾಡಿದ ಬಂಡಲ್ ಬೆಳಿಗ್ಗೆ ತಲುಪಬೇಕಿತ್ತು. ಕೊಟ್ಟು ಕಳಿಸಲು ಯಾರೂ ಸಿಗಲಿಲ್ಲ, ನಾನೇ ಬಸ್ಸಿನಲ್ಲಿ ಹಾಕಿಕೊಂಡು ಹೋದೆ. ತೇಜಸ್ವಿನಿಗೆ ಹೇಳಿರಲಿಲ್ಲ. ನೋಡಿ ಖುಷಿಪಡುತ್ತಾಳೆ ಅಂದುಕೊಂಡೆ.

ಹಾಲ್ ತುಂಬಾ ಹೆಂಗಸರು. ಬಾಗಿಲ ಹತ್ತಿರ ಬಂಡಲ್ ಇಳಿಸಿ ನಿಂತೆ. ತೇಜಸ್ವಿನಿ ಮೈಕ್ ಹಿಡಿದು ಪರದೆ ತೋರಿಸುತ್ತಿದ್ದಳು. ಒಳಪುಟದ ಪ್ರಶ್ನೆ ಬಂತು. ಆಮೇಲೆ ಪರದೆ ಬದಲಾಯಿತು.

"ನಂಜನಗೂಡು ಟೌನ್. 43 ವರ್ಷ. ಡಿಟಿಪಿ ಅಂಗಡಿ. ಒಬ್ಬಳು ಮಗಳು. ಎಡ ಸ್ತನ ತೆಗೆಯಲಾಗಿದೆ." ಅದರ ಕೆಳಗೆ, ದಪ್ಪ ಅಕ್ಷರದಲ್ಲಿ, ಕೋಟ್ ಹಾಕಿ— "ನಮ್ಮನೆಯವರು ರೂಮಿಗೆ ಬರೋ ಮುಂಚೆ ಲೈಟ್ ಆರಿಸಿ ಬರ್ತಾರೆ."

ಒಂದಕ್ಷರ ಬದಲಾಗಿಲ್ಲ.

ಮುಂದಿನ ಸಾಲಿನಿಂದ ಯಾರೋ ಅಂದರು, "ಎಲ್ಲಾರ್ ಮನೇಲೂ ಅಂಗೇ ಅಲ್ವಾ ಮೇಡಂ?" ಹಾಲ್ ಪೂರ್ತಿ ನಕ್ಕಿತು. ಅವರ ತಪ್ಪಲ್ಲ. ಆ ಮಾತು ಹಾಗೆ ಒಂಟಿಯಾಗಿ ನಿಂತರೆ ನಗುವಂಥದ್ದೇ. ಆದರೆ ತೇಜಸ್ವಿನಿಯೂ ನಕ್ಕಳು. ತಡೆದುಕೊಳ್ಳಲು ನೋಡಿ, ಆಗದೆ, ಮೈಕಿನ ಹಿಂದೆ ನಕ್ಕಳು. "ಇಲ್ಲ ಇಲ್ಲ, ಕೇಳಿ ಇಲ್ಲಿ" ಎಂದಳು.

ನಗದೆ ಇದ್ದವಳು ಒಬ್ಬಳೇ. ನಡುವಿನ ಸಾಲಿನಲ್ಲಿ ನರ್ಸ್ ಯೂನಿಫಾರಂ. ನನ್ನ ನಾದಿನಿ ಶೃತಿ. ಇವರ ಸ್ವಂತ ತಂಗಿ. ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಯಾಕೋ ತಿರುಗಿದಳು. ನಾನು ಬಾಗಿಲಲ್ಲಿ.

ಬಂಡಲ್ ಅಲ್ಲೇ ಬಿಟ್ಟು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಬನ್ನೂರಿನ ಬಸ್ ಹತ್ತಿಬಿಟ್ಟಿದ್ದೆ, ಕಂಡಕ್ಟರ್ ಕೇಳಿದ ಮೇಲೆ ಇಳಿದೆ.

ಜೂನ್ 21, ಶುಕ್ರವಾರ

ತೇಜಸ್ವಿನಿ ನಿನ್ನೆಯಿಂದ ಫೋನ್ ಮಾಡುತ್ತಿದ್ದಳು. ಎತ್ತಲಿಲ್ಲ. ಇವತ್ತು ಅಂಗಡಿಗೇ ಬಂದಳು. ಗಿರಾಕಿಗಳು ಹೋಗುವವರೆಗೆ ಹೊರಗೆ ನಿಂತಿದ್ದಳು.

"ಹೆಸ್ರು ಹಾಕಿಲ್ವಲ್ಲ ಅಕ್ಕ."

"ನಂಜನಗೂಡು ಟೌನಲ್ಲಿ ಡಿಟಿಪಿ ಅಂಗಡಿ ಇಟ್ಕೊಂಡಿರೋ ಹೆಂಗಸರು ಎಷ್ಟು ಜನ ಇದ್ದಾರೆ ತೇಜಸ್ವಿನಿ?"

ಬ್ಯಾಗನ್ನು ಬೆನ್ನಿನಿಂದ ಇಳಿಸಿದಳು.

"ನಮ್ಮಿಬ್ಬರಿಗೆ ಅಂದಿದ್ದೆ ನೀನು."

"ಅಂದಿದ್ದೆ. ಕಮಿಟಿಯವರು ಆ ಪ್ರಶ್ನೆನೇ ಬೇಡ ಅಂತ ಕೂತ್ಬಿಟ್ರು ಅಕ್ಕ. ನಮ್ ಕಡೆ ಹೆಂಗಸ್ರಿಗೆ ಇದೆಲ್ಲ ಸಮಸ್ಯೆನೇ ಅಲ್ಲ ಅಂದ್ರು. ನಿಮ್ ಮಾತು ಓದಿದೆ, ಅಷ್ಟೇ. ರೂಮಲ್ಲಿ ಯಾರೂ ಉಸಿರೆತ್ತಲಿಲ್ಲ. ಅದ್ರಿಂದ್ಲೇ ಪ್ರಶ್ನೆ ಉಳೀತು."

"ನನ್ನ ಕೇಳ್ಬೋದಿತ್ತು."

"ಬೇಡ ಅಂದ್ಬಿಡ್ತೀರೇನೋ ಅಂತ..."

ಸತ್ಯ ಹೇಳಿದಳು ಅಂತೂ. ಆಮೇಲೆ ಮೆಲ್ಲಗೆ, ನೆಲ ನೋಡುತ್ತ, "ಸೈನ್ ಮಾಡಿದ್ರಿ ಅಲ್ವಾ ಅಕ್ಕ" ಎಂದಳು.

ಅವಳು ಹೋದ ಮೇಲೆ ಡ್ರಾಯರಿನಿಂದ ನನ್ನ ಕಾಪಿ ತೆಗೆದೆ. ಹಿಂಭಾಗ. ಇರುವೆ ಸಾಲಿನಂಥ ಅಕ್ಷರ, ಪ್ಯಾರಾ ಒಡೆದಿಲ್ಲ, ಮೂರು ಬೆರಳಿನಷ್ಟು ಉದ್ದದ ಒಂದೇ ವಾಕ್ಯ. ನಡುವೆ ಎಲ್ಲೋ— "ಭಾಗಿದಾರರ ಹೇಳಿಕೆಗಳನ್ನು ಹೆಸರು ಹೊರತುಪಡಿಸಿ ತರಬೇತಿ ಹಾಗೂ ಪ್ರಕಟಣೆಗಳಿಗೆ ಬಳಸಲು ಸಮ್ಮತಿ ಇರುತ್ತದೆ." ನಾವು ಆರು ಜನ ಕೂತು ಒಂದೊಂದು ಸಾಲು ತಿದ್ದಿದೆವಲ್ಲ, ಈ ಹಾಳೆಯನ್ನು ಯಾರೂ ನಮ್ಮ ಮುಂದೆ ಇಡಲಿಲ್ಲ. ಇಡುವುದು ತೇಜಸ್ವಿನಿಗೂ ಹೊಳೆಯಲಿಲ್ಲ. ಇಲ್ಲ— ಹೊಳೆದಿತ್ತೋ ಏನೋ. ಇನ್ನು ಅವಳ ಬಗ್ಗೆ ಯಾವುದನ್ನೂ ಖಾತ್ರಿಯಾಗಿ ಬರೆಯಲಾರೆ.

ಜೂನ್ 24, ಸೋಮವಾರ. ಬೆಳಿಗ್ಗೆ

ಇವರು ನೈಟ್ ಶಿಫ್ಟ್ ಮುಗಿಸಿ ಬಂದರು. ಕವನ ಕಾಲೇಜಿಗೆ ಹೋಗಿದ್ದಳು. ಶೂ ಬಿಚ್ಚಲಿಲ್ಲ. ಬಾಗಿಲಲ್ಲೇ ಕುರ್ಚಿ ಎಳೆದು ಕೂತರು. ಕಾಫಿ ಕೊಟ್ಟೆ, ತೆಗೆದುಕೊಳ್ಳಲಿಲ್ಲ.

"ಶುಕ್ರವಾರ ಶೃತಿ ಫೋನ್ ಮಾಡಿದ್ಲು."

"ಏನಂದ್ಲು?"

"ಏನಂತಾಳೆ? ಅಣ್ಣ, ಅತ್ಗೆ ಜೊತೆ ಸರಿಯಾಗಿದ್ದೀಯಾ ಅಂತ ಕೇಳಿದ್ಲು. ನನ್ ರೂಮಿನ ವಿಷ್ಯ ನನ್ ತಂಗಿ ಬಾಯಲ್ಲಿ ಕೇಳ್ಬೇಕಾಯ್ತು. ಪರದೆ ಮೇಲೆ ಹಾಕಿದ್ರಂತಲ್ಲ."

ನಾನು ನಡೆದದ್ದೆಲ್ಲ ಹೇಳಿದೆ. ತೇಜಸ್ವಿನಿ ಮಾತು ಕೊಟ್ಟದ್ದು, ಮುರಿದದ್ದು. ಇವರು ಕೇಳಿದರು. ಕೂಗಾಡಿದ್ದರೆ ವಾಸಿಯಿತ್ತು.

"ಅವ್ಳು ಮಾಡಿದ್ದು ತಪ್ಪು ಸರಿ. ನೀನು? ಆ ಹುಡುಗಿಗೆ ಹೇಳ್ದೆ. ನನ್ನ ಒಂದಿನ ಕೇಳಿದ್ಯಾ, ಯಾಕೆ ಆರಿಸ್ತೀರಿ ಅಂತ?"

"ನೀವೇ ಹೇಳ್ಬೋದಿತ್ತಲ್ಲ."

"ಬ್ಯಾಂಡೇಜ್ ಬಿಚ್ಚಿದ ವಾರ. ನಾನು ಒಳಗೆ ಬಂದೆ. ನೀನು ದಬಕ್ ಅಂತ ಬೆಡ್‌ಶೀಟ್ ಎಳ್ಕೊಂಡು ಗೋಡೆ ಕಡೆ ತಿರುಗ್ಬಿಟ್ಟೆ. ನಾನು ನೋಡೋದು ನಿಂಗಿಷ್ಟ ಇಲ್ಲ ಅಂದ್ಕೊಂಡೆ. ಅವತ್ತಿಂದ ಆರಿಸ್ತಿದ್ದೀನಿ."

ಬೆಡ್‌ಶೀಟ್ ಎಳೆದುಕೊಂಡದ್ದು ನೆನಪಿಲ್ಲ. ಎಳೆದುಕೊಂಡಿರಬಹುದು. ಆ ವಾರ ಏನೂ ನೆನಪಿಲ್ಲ. ಇವರು ಹೇಳುತ್ತಿರುವುದು ನಿಜವೋ, ಮೂರು ದಿನ ಯೋಚಿಸಿ ಈಗ ಹೊಳೆದದ್ದೋ— ಮುಖ ನೋಡಿದೆ, ತಿಳಿಯಲಿಲ್ಲ. ಹದಿನೆಂಟು ವರ್ಷ ಸಂಸಾರ ಮಾಡಿ ತಿಳಿಯಲಿಲ್ಲ.

"ಫ್ಯಾಕ್ಟರೀಲೂ ಯಾರದೋ ಹೆಂಡ್ತಿ ಆ ಟ್ರೈನಿಂಗಿಗೆ ಹೋಗಿದ್ಲಂತೆ" ಎಂದರು ಎದ್ದು ಹೋಗುತ್ತ. "ಕ್ಯಾಂಟೀನಲ್ಲಿ ಒಬ್ಬ ನಾನು ಕೂತ ತಕ್ಷಣ ಸ್ವಿಚ್ ಆರಿಸ್ದ. ಎಲ್ಲಾ ನಕ್ರು. ಯಾಕೆ ಅಂತ ಅವಾಗ ಗೊತ್ತಾಗ್ಲಿಲ್ಲ ನಂಗೆ. ನಾನೂ ನಕ್ಕೆ."

ಜುಲೈ 16, ಮಂಗಳವಾರ

ಆಸ್ಪತ್ರೆಯವರು ಮಾತಾಡಲು ಕರೆದಿದ್ದರು. ಡಾಕ್ಟರ್ ರಾಜೇಂದ್ರ, ಈ ರಿಸರ್ಚಿಗೆಲ್ಲ ಹಿರಿಯರು. ಕೆಟ್ಟ ಮನುಷ್ಯರಲ್ಲ. ನನ್ನ ಆಪರೇಷನ್ ಮಾಡಿದ್ದೂ ಅವರೇ. ತೇಜಸ್ವಿನಿ ಮೂಲೆಯ ಕುರ್ಚಿಯಲ್ಲಿ, ಬ್ಯಾಗು ತೊಡೆಯ ಮೇಲೆ.

"ನಿಮ್ಮ ಮನಸ್ಸಿಗೆ ನೋವಾಗಿದ್ದಲ್ಲಿ ನಮಗೆ ವಿಷಾದವಿದೆ" ಎಂದರು ಡಾಕ್ಟರ್.

ಆಗಿದ್ದಲ್ಲಿ. ನಾನು ಆ ಪದವನ್ನೇ ಹಿಡಿದುಕೊಂಡೆ. "ಆಗಿದ್ದಲ್ಲಿ ಅಲ್ಲ ಸರ್. ಆಗಿದೆ. ನಮ್ಮನೆಯವರು ಹಾಲಲ್ಲಿ ಮಲಗ್ತಿದ್ದಾರೆ ಈಗ."

ಅವರು ಕನ್ನಡಕ ತೆಗೆದರು. ಪರದೆಯ ಆ ಪುಟವನ್ನು ತೆಗೆಸಿದ್ದೇವೆ ಎಂದರು. ಆದರೆ ಟ್ರೈನಿಂಗಿನ ಫೈಲು ಆಗಲೇ ಬೇರೆ ತಾಲೂಕುಗಳಿಗೆ ಹೋಗಿದೆ. ವಾಪಸ್ ಕರೆಯುವುದು ಕಷ್ಟ.

"ಸೈನ್ ಹಾಳೆ?"

"ಅದು ನಮ್ಮ ಕೈಲಿಲ್ಲ ಇಂದ್ರಾಣಿಯವರೇ. ಅದರ ಪಠ್ಯ ಮೇಲಿಂದ ಮಂಜೂರಾಗಿ ಬರುತ್ತೆ. ಒಂದಕ್ಷರ ಬದಲಾಯಿಸೋ ಹಾಗಿಲ್ಲ."

ನಮ್ಮ ನೋವು ಕೇಳುವ ಮಾತನ್ನು ಎಷ್ಟು ಬೇಕಾದರೂ ತಿದ್ದಬಹುದು. ಅವರಿಗೆ ಹಕ್ಕು ಕೊಡುವ ಮಾತನ್ನು ತಿದ್ದುವ ಹಾಗಿಲ್ಲ. ಹೇಳಲಿಲ್ಲ ಇದನ್ನು. ಬಸ್ಸಿನಲ್ಲಿ ಹೊಳೆದದ್ದು.

ಹೊರಗೆ ಬಂದಾಗ ತೇಜಸ್ವಿನಿ ಹಿಂದೆಯೇ ಬಂದಳು. "ಅಕ್ಕ, ಒಂದ್ನಿಮಿಷ." ನಿಲ್ಲಲಿಲ್ಲ. ಗೇಟಿನವರೆಗೆ ಅವಳ ಚಪ್ಪಲಿ ಸದ್ದು ಬರುತ್ತಿತ್ತು, ಆಮೇಲೆ ನಿಂತಿತು.

ಆಗಸ್ಟ್ 10, ಶನಿವಾರ

ಚೆಕಪ್. ಹೊಸ ನರ್ಸ್. ನಾನು ಯಾರೆಂದು ಗೊತ್ತಿಲ್ಲ. ಫಾರಂ ಕೈಗಿಟ್ಟು, "ಓದಕ್ಕೆ ಈಸಿ ಇದೆ ಮೇಡಂ, ಪೇಷೆಂಟ್ಸೇ ಮಾಡಿರೋದು" ಎಂದಳು.

ಈಸಿಯಾಗೇ ಇದೆ. ಸ್ವಲ್ಪವೂ ಇಲ್ಲ. ಸ್ವಲ್ಪವೂ ಇಲ್ಲ. ಸ್ವಲ್ಪವೂ ಇಲ್ಲ. ಎಡಗಡೆಯ ಕಾಲಮ್, ಮೇಲಿಂದ ಕೆಳಗೆ. ಒಳಪುಟದಲ್ಲೂ. ಪೆನ್ ಎಲ್ಲೂ ತಡೆಯಲಿಲ್ಲ.

ಚಲುವಮ್ಮ ಬಂದು ಪಕ್ಕದಲ್ಲಿ ಕೂತರು. ಕೈಗೆ ಪಟ್ಟಿ ಸುತ್ತಿತ್ತು, ಊತ ಎಷ್ಟೋ ಇಳಿದಿತ್ತು. ಸೊಸೆ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸುತ್ತಾಳಂತೆ ಈಗ, ಒಂದೊಂದು ಸಲ. "ಓದು ಮಗ, ನೀನೇ ಓದ್ಬೇಕು. ಬ್ಯಾರೆಯವ್ರು ಓದಿದ್ರೆ ನಂಗೆ ಬಾಯಿ ಬರದಿಲ್ಲ."

ಓದಲು ತೆಗೆದುಕೊಂಡೆ. ಮೊದಲು ಸೈನ್ ಹಾಕಿಸುವ ಆ ಇನ್ನೊಂದು ಹಾಳೆಯನ್ನೇ ಓದಬೇಕು ಅನ್ನಿಸಿತು. ತಿರುಗಿಸಿ ಸಣ್ಣಕ್ಷರ ಪೂರ್ತಿ ಓದಿ, ಅರ್ಥ ಹೇಳಿದೆ. ನನಗೆ ಆದದ್ದನ್ನೂ ಹೇಳಿದೆ. ಹಾಲ್, ಪರದೆ, ನಗು. ಹೇಳದೆ ಇರುವುದು ಮೋಸ ಅನ್ನಿಸಿತು.

ಚಲುವಮ್ಮ ಪಟ್ಟಿ ಸುತ್ತಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಸೊಸೆ ಇಸ್ಯ ಏಳಿದ್ನಲ್ಲ ಓದ್ಸಲ. ಅದೂ ಆಕ್ಬುಟ್ಟವ್ರಾ?"

"ಗೊತ್ತಿಲ್ಲ ಚಲುವಮ್ಮ."

"ಅವ್ಳ ತವರೋರು ನರಸೀಪುರ್ದೋರೇ ಕಣವ್ವ. ಅವ್ರ ಕಿವಿಗೆ ಬಿದ್ರೆ ನಾನು ಆ ಮನೇಲಿ ಬಾಳಾಟ ಮಾಡಕಾದ್ದಾ?" ಸುತ್ತ ನೋಡಿದರು. "ಬ್ಯಾಡ ಬುಡು. ಎಲ್ಲಾ ಸಂದಾಗದೆ ಅಂತ ಬರ್ಕೋ."

"ಕೈದಾದ್ರೂ ಇರೋದು ಹೇಳಿ."

"ಏನೂ ಇಲ್ಲ ಅಂತ ಬರ್ಕೋ ಅಂದೆ ತಾನೇ."

ನಾನೇ ಗುರುತು ಹಾಕಿದೆ. ಸ್ವಲ್ಪವೂ ಇಲ್ಲ. ಅವರು ಹೆಬ್ಬೆಟ್ಟು ಒತ್ತಿದರು.

ಸೆಪ್ಟೆಂಬರ್ 12, ಗುರುವಾರ

ಮಧ್ಯಾಹ್ನ ಚಲುವಮ್ಮ ಅಂಗಡಿಗೆ ಬಂದರು, ಒಬ್ಬರೇ. ಮುಖ ಬಾಡಿತ್ತು. ಫಿಸಿಯೋದವರು ಬಂದಿದ್ದರಂತೆ. ಎಲ್ಲರ ಹೆಸರು ಕೂಗಿದರು, ಇವರದು ಕೂಗಲಿಲ್ಲ. ಕೇಳಿದರೆ ಫಾರಮ್ಮಿನಲ್ಲಿ ಕೈ ಸರಿಯಾಗಿದೆ ಎಂದಿದೆ, ಕೇಸ್ ಕ್ಲೋಸ್ ಆಗಿದೆ ಎಂದರಂತೆ.

ಸೆರಗು ಸರಿಸಿ ತೋರಿಸಿದರು. ಮೊದಲಿಗಿಂತ ಹೆಚ್ಚು. ಮೊಣಕೈ ಕೆಳಗೆ ಕೆಂಪು ತಿರುಗಿದೆ, ಮುಟ್ಟಿದರೆ ಸುಡುತ್ತದೆ. ರಾತ್ರಿಯೆಲ್ಲ ಚಳಿ ಜ್ವರವಂತೆ.

"ನನ್ನಿಂದ ಆಯ್ತಲ್ಲ ಚಲುವಮ್ಮ."

"ನಾ ಏಳ್ದಂಗೆ ನೀ ಬರ್ದೆ. ನಿಂದೇನು ತಪ್ಪು?"

ಅಂಗಡಿ ಮುಚ್ಚಿ ಆಟೋದಲ್ಲಿ ಕರೆದುಕೊಂಡು ಹತ್ತಿರದ ಡಾಕ್ಟರಿಗೆ ತೋರಿಸಿದೆ. ಇಂಜೆಕ್ಷನ್ ಕೊಟ್ಟರು, ಮಾತ್ರೆ ಬರೆದರು. ಜ್ವರ ಇಳಿಯುತ್ತದೆ, ಆದರೆ ಕೈಗೆ ಪಟ್ಟಿ ಸುತ್ತುವುದು ನಿಲ್ಲಬಾರದು, ನಿಂತರೆ ಹೀಗೇ ಮತ್ತೆ ಮತ್ತೆ ಬರುತ್ತದೆ ಎಂದರು. ಚಲುವಮ್ಮನನ್ನು ದೇವನೂರಿನ ಬಸ್ ಹತ್ತಿಸಿ ಬಂದೆ.

ಆಮೇಲೆ ಒಂದು ಗಂಟೆ ಫೋನ್ ಹಿಡಿದು ಕೂತಿದ್ದೆ. ಫಿಸಿಯೋ ಪಟ್ಟಿಗೆ ಹೆಸರು ವಾಪಸ್ ಸೇರಿಸಬಲ್ಲವಳು ಒಬ್ಬಳೇ. ಜೀವಮಾನದಲ್ಲಿ ಮಾತಾಡುವುದಿಲ್ಲ ಅಂದುಕೊಂಡಿದ್ದೆ.

ಮೊದಲ ರಿಂಗಿಗೇ ಎತ್ತಿದಳು. "ಅಕ್ಕ?"

ವಿಷಯ ಮಾತ್ರ ಹೇಳಿದೆ. ಬೇರೇನೂ ಇಲ್ಲ.

"ಫಾರಂ ಇಲ್ದೆ ಸೇರಿಸಕ್ಕಾಗಲ್ವಾ?"

"ಸಿಸ್ಟಮ್ ತಗೊಳ್ಳಲ್ಲ ಅಕ್ಕ. ಹೊಸದಾಗಿ ತುಂಬಿಸ್ಬೇಕು. ಶನಿವಾರ ನಾನೇ ದೇವನೂರಿಗೆ ಬರ್ತೀನಿ. ನೀವೂ ಬನ್ನಿ. ನೀವಿಲ್ದೆ ಅವರು ನನ್ನ ಹತ್ರ ಬಾಯಿ ಬಿಡಲ್ಲ."

"ಅವರ ಮಾತು ಎಲ್ಲೂ ಹೋಗಲ್ಲ ಅಂತ ಹೇಳ್ತೀಯಾ?"

"ನಾನು ಎಲ್ಲೂ ಹಾಕಲ್ಲ ಅಕ್ಕ. ಆಣೆ." ಆಮೇಲೆ, "ಸೈನ್ ಹಾಳೆ ಮಾತ್ರ ಅದೇ ಹಾಳೆ" ಎಂದಳು.

ಇವರಿಗೆ ಹೇಳಿದೆ, ಶನಿವಾರ ಹೋಗುತ್ತಿದ್ದೇನೆ, ಅವಳೂ ಬರುತ್ತಾಳೆ ಎಂದು. ತಟ್ಟೆಯಿಂದ ತಲೆ ಎತ್ತಲಿಲ್ಲ. "ಮತ್ತೆ ನಂಬ್ತೀಯಾ?" ಎಂದರು.

"ಇಲ್ಲ."

"ಮತ್ತೆ?"

ಇವರ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ.

ಸೆಪ್ಟೆಂಬರ್ 14, ಶನಿವಾರ. ಬೆಳಿಗ್ಗೆ, ಬಸ್ಸಿಗೆ ಮುಂಚೆ

ಚಲುವಮ್ಮನಿಗೆ ಏನು ಹೇಳಬೇಕು ಎಂದು ಮೊದಲೇ ಬರೆದುಕೊಂಡು ಹೋಗುವುದು ವಾಸಿ. ತೇಜಸ್ವಿನಿಯ ಎದುರಿಗೆ ಕೂತರೆ ಬೇಕಾದ ಮಾತು ಮರೆತುಹೋಗುತ್ತದೆ.

ನಾಲ್ಕು ಸಲ ಬರೆದೆ. 'ಧೈರ್ಯವಾಗಿ ಹೇಳಿ' ಎಂದೆ, ಹೊಡೆದು ಹಾಕಿದೆ. ಧೈರ್ಯ ಅವರಿಗೆ ಕಮ್ಮಿಯಿಲ್ಲ. 'ಈ ಸಲ ಹಾಗಾಗುವುದಿಲ್ಲ' ಎಂದೆ, ಅದನ್ನೂ ಹೊಡೆದೆ. ನನಗೇನು ಗೊತ್ತು? 'ಕೈಯ ವಿಚಾರ ಮಾತ್ರ ಹೇಳಿ, ಮನೆಯದು ಬೇಡ'— ಇದು ಸರಿ ಅನ್ನಿಸಿತು. ಆದರೆ ಸೊಸೆ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿದ್ದು ಮನೆಯ ವಿಚಾರ ಹೇಳಿದ್ದಕ್ಕೇ.

ತೇಜಸ್ವಿನಿಯ ಮೆಸೇಜ್ ಬಂದಿದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಳಂತೆ.

ಇನ್ನೊಮ್ಮೆ.

ಚಲುವಮ್ಮ, ಅವತ್ತು ನಾನು ಹೇಳಿದ್ದು ಒಂದೂ ಸುಳ್ಳಲ್ಲ. ಆದರೆ